ಹಬ್ಬದ ಉಣ್ಣೆ

ಕಣ್ಣು ಎಲ್ಲಿಡಬೇಕೆಂಬುದೊಂದು ಶಾದ್ಲಿಯಾಳಿಗೆ ಬಗೆಹರಿಯಲಿಲ್ಲ. ಕಪ್ಪು ದಾರದಲ್ಲಿ ಹೆಣೆದ ಟಗರಿನ ತಲೆ ಅವಳ ಎಡ ಅಂಗೈಯಲ್ಲಿ ಕೂತಿತ್ತು, ಮುಸುಕು ಹಾಕಿಸಿಕೊಂಡು ಕಾಯುತ್ತಿರುವವನ ಹಾಗೆ. ಕ್ರೋಶಾ ಕಡ್ಡಿಯನ್ನು ತುರುಬಿಗೆ ಸಿಕ್ಕಿಸಿ, ತಲೆಯನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಗಂಡಸರು ಮಸೀದಿಗೆ ಹಾಕಿಕೊಂಡು ಹೋಗುವ ಬಿಳಿ ಟೋಪಿ ಬಿಟ್ಟರೆ ಬೇರೇನನ್ನೂ ಹೆಣೆದ ಕೈಯಲ್ಲ ಅದು. ತಾಯಿ ಕಲಿಸಿದ್ದು ಅದೊಂದೇ: ಬೆರಳಿಗೆ ದಾರ ಸುತ್ತಿ ಒಂದು ಸುರುಳಿ, ಸುರುಳಿಯೊಳಗೆ ಕುಣಿಕೆ, ಕುಣಿಕೆಯ ಮೇಲೆ ಕುಣಿಕೆ, ಅಗಲವಾಗುತ್ತ ಹೋದರೆ ನೆತ್ತಿ, ಹೆಚ್ಚಿಸುವುದನ್ನು ನಿಲ್ಲಿಸಿ ಸುತ್ತು ಸುತ್ತು ಇಳಿದರೆ ಹಣೆ. ಹಾಗಾಗಿ ಟಗರಿನ ತಲೆಯೂ ಟೋಪಿಯಾಗಿಯೇ ಶುರುವಾಗಿತ್ತು. ಮೈ ಎಂದರೆ ಬಾಯಿಗೆ ಬಾಯಿ ಕೊಟ್ಟು ಮುಚ್ಚಬೇಕಾದ ಎರಡು ಟೋಪಿಗಳು. ಮೈಮೇಲೆ ಒಂದೇ ಕುಣಿಕೆಯಿಂದ ದಾರವನ್ನು ಮತ್ತೆ ಮತ್ತೆ ಎಳೆದು ಉಬ್ಬಿಸಿ ಗುಂಗುರು ಮಾಡಿದ್ದಳು. ಅಗಲವಾದ ಕೊಬ್ಬಿನ ಬಾಲ, ಕೊಂಬಿಗೆ ಕಂದು ದಾರ, ಎಲ್ಲ ಹಬ್ಬಕ್ಕೆ ತಂದಿದ್ದ ಟಗರು ಮರ್ಜಾನನ ಹಾಗೆಯೇ. ಮಧ್ಯಾಹ್ನದೊಳಗೆ ಮುಗಿಯಬೇಕು. ಶನಿವಾರ, ಎಮ್ನಾಳ ಶಾಲೆ ಬೇಗ ಬಿಡುತ್ತದೆ. ಊಟದ ಹೊತ್ತಿಗೆ ಬಡಗಿ ಅವಳ ಹೊಸ ಮಂಚ ತರುತ್ತಾನೆ, ಮಂಚ ಅವಳ ಅಪ್ಪ ಅಮ್ಮನ ಕೋಣೆಗೆ ಹೋಗುತ್ತದೆ. ಅಲ್ಲಿಗೆ, ಹಲ್ಲು ಬಾರದ ಕಾಲದಿಂದ ಸೋದರತ್ತೆ ಶಾದ್ಲಿಯಾಳ ಮಗ್ಗುಲಲ್ಲೇ ಮಲಗಿದ ಹುಡುಗಿ ಅವಳ ಹಾಸಿಗೆಯಿಂದ ಎದ್ದುಹೋದ ಹಾಗೆ. ಅದಕ್ಕೆ ಮೊದಲು ಇದನ್ನು ಅವಳ ಕೈಗೆ ಕೊಡಬೇಕು. ಕೊಟ್ಟರೆ ಏನಾದರೂ ಅಂದಾಳು. ಬೈದರೂ ಸರಿ, ಬಾಯಿ ಬಿಟ್ಟರೆ ಸಾಕು.

ಬಕ್ರೀದ್ ಕಳೆದ ಮೇಲೆ ಎಮ್ನಾ ಅತ್ತೆಯ ಹತ್ತಿರ ಮಾತಾಡಿಲ್ಲ. ಅಳಲಿಲ್ಲ, ರಂಪ ಮಾಡಲಿಲ್ಲ. ಜಡೆ ಹಾಕಿಸಿಕೊಳ್ಳಲು ಬಂದು ಕೂರುತ್ತಿದ್ದಳು, ಕತ್ತು ನೆಟ್ಟಗೆ ಇಟ್ಟುಕೊಂಡು, ಬಾಚಣಿಗೆ ಸಿಕ್ಕಿಕೊಂಡರೂ ಹಾ ಎನ್ನದೆ. ಮಲಗುವಾಗ ಗೋಡೆಯ ಕಡೆಗೆ ತಿರುಗಿ ಹಾಸಿಗೆಯ ಅಂಚಿಗೆ ಹೋಗುತ್ತಿದ್ದಳು. ಸ್ವಲ್ಪ ಸರಿದರೆ ಕೆಳಗೆ ಬೀಳುವಷ್ಟು ಅಂಚಿಗೆ. ಶಾದ್ಲಿಯಾ ಕೈ ಚಾಚಿ ಎಳೆದುಕೊಳ್ಳುವ ಧೈರ್ಯ ಮಾಡದೆ, ಬೀಳದಿರಲಿ ಎಂದು ಅಂಗಿಯ ತುದಿಯನ್ನು ಬೆರಳಲ್ಲಿ ಹಿಡಿದು ಮಲಗುತ್ತಿದ್ದಳು. ಆ ಅಂಗಿ. ಹಬ್ಬದ ದಿನ ಗುಂಡಿ ಹಾಕಿಕೊಳ್ಳದೆ ಓಡಿಬಂದ ಆ ಹೊಸ ಅಂಗಿ. ತಾರಸಿಯ ಮೆಟ್ಟಿಲ ಮೇಲುಗಡೆ ಟಗರು ಮುಂಗಾಲು ಊರಿ ನಿಂತುಬಿಟ್ಟಿತ್ತು. ತಂದ ದಿನ ಎಮ್ನಾಳ ಅಪ್ಪ ಮುನ್ಸಿಫ ಹೆಗಲ ಮೇಲೆ ಹೊತ್ತುಕೊಂಡು ಹತ್ತಿಸಿದ್ದ. ಅಷ್ಟು ದಿನ ಬಾರ್ಲಿ ತಿಂದು ಮೈಬಂದವನನ್ನು ಈಗ ಹೊರಲು ಆಗುತ್ತಿರಲಿಲ್ಲ. ಕೊಂಬು ಹಿಡಿದು ಎಳೆದರು, ಹಿಂದಿನಿಂದ ನೂಕಿದರು. ಕೆಳಗೆ ಅಂಗಳದಲ್ಲಿ ಕಟುಕ ನಿಂತಿದ್ದ, ಆ ಬೀದಿಯಲ್ಲಿ ಅವನಿಗೆ ಇನ್ನೂ ಮನೆಗಳಿದ್ದವು. 'ಹೆದರಿಸಬೇಡಿ ಮಾರಾಯ್ರೆ, ಹೆದರಿದ ಪ್ರಾಣಿ ಕೊಯ್ಯೋದು ಪಾಪ' ಎಂದು ಅಲ್ಲಿಂದಲೇ ಕೂಗಿದ. ಹೆದರಿಸಬಾರದು, ಕತ್ತಿ ಕಾಣಿಸಬಾರದು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆಗ ಶಾದ್ಲಿಯಾಳೇ ಅಂದಳು, ಯಾರೂ ಕೇಳದಿದ್ದರೂ ಅಂದಳು: 'ತಡೀರಿ, ಎಳೀಬೇಡಿ. ಎಮ್ನಾ ಕರೆದರೆ ಬರ್ತಾನೆ.'

ಕರೆದಳು. ಎಮ್ನಾ ಮೆಟ್ಟಿಲ ಬುಡದಲ್ಲಿ ನಿಂತು ಎರಡೂ ಕೈ ಚಾಚಿ, 'ಮರ್ಜಾನ್, ಬಾರೋ, ಬಾ ಬಾ' ಎಂದು, ನಾಲಿಗೆಯಿಂದ ಟಕ್ ಟಕ್ ಸದ್ದು ಮಾಡಿ ಕರೆದಳು. ಅವನು ಕಿವಿ ನಿಮಿರಿಸಿದ. ಒಂದು ಕಾಲು ಇಳಿಸಿ, ತಡವರಿಸಿ, ಇನ್ನೊಂದು ಇಳಿಸಿ, ಗೊರಸು ಜಾರಿಸಿಕೊಳ್ಳುತ್ತ ಅಷ್ಟೂ ಮೆಟ್ಟಿಲು ಇಳಿದು ಬಂದು ಅವಳ ಹೊಟ್ಟೆಗೆ ಮೂತಿ ಒರಸಿದ. ಅಂಗಳದಲ್ಲಿದ್ದವರೆಲ್ಲ ನಕ್ಕರು. 'ನೋಡ್ರಪ್ಪಾ, ನಮ್ಮಕ್ಕನ ತಲೆ ಅಂದ್ರೆ ತಲೆ!' ಎಂದ ಮುನ್ಸಿಫ. ತಮ್ಮನ ಆ ಮಾತಿಗೆ ಶಾದ್ಲಿಯಾಳ ಮುಖ ಬಿಸಿಯಾಗಿತ್ತು, ಸಂತೋಷದಿಂದ. ಅದನ್ನು ಈಗ ನೆನೆಸಿಕೊಂಡರೆ ಅವಳಿಗೆ ಕೈಯಲ್ಲಿದ್ದ ಸೂಜಿಯನ್ನು ಎಲ್ಲಾದರೂ ಚುಚ್ಚಿಕೊಳ್ಳಬೇಕೆನಿಸುತ್ತಿತ್ತು. ಆ ಮನೆಯಲ್ಲಿ ಅವಳ ಮಾತು ನಡೆದದ್ದು ಅಪರೂಪ. ಮದುವೆಯಾಗದೆ ತಮ್ಮನ ಮನೆಯಲ್ಲಿ ಉಳಿದವಳ ಮಾತು ಹಾಗೆಯೇ, ಇದ್ದರೂ ಆಯಿತು ಇಲ್ಲದಿದ್ದರೂ ಆಯಿತು. ಅಂದು ನಡೆಯಿತು. 'ಹೋಗು ಪುಟ್ಟಾ, ಹೊಸ ಅಂಗಿ ಹಾಕ್ಕೊಂಡು ಬಾ, ಮರ್ಜಾನ್ ನೋಡಲಿ' ಎಂದು ಮಗುವನ್ನು ಒಳಗೆ ಕಳಿಸಿದವಳೂ ಅವಳೇ. ಕಟುಕ ಕತ್ತಿಯನ್ನು ಬೆನ್ನ ಹಿಂದೆ ಹಿಡಿದಿದ್ದ. ಟಗರಿಗೂ ಕಾಣಲಿಲ್ಲ, ಮಗುವಿಗೂ ಕಾಣಲಿಲ್ಲ. ಗುಂಡಿ ಹಾಕಿಕೊಳ್ಳದೆ ಓಡಿಬರುತ್ತಾಳೆಂದು ಯಾರಿಗೆ ಗೊತ್ತಿತ್ತು.

ಕೊನೆಗೆ ಕಣ್ಣನ್ನು ಸ್ವಲ್ಪ ಪಕ್ಕಕ್ಕೆ, ಕಿವಿಯ ಬುಡಕ್ಕೆ ಹತ್ತಿರವಾಗಿ ಹೊಲಿದಳು. ಹಳದಿ ದಾರ, ನಡುವೆ ಅಡ್ಡಕ್ಕೆ ಒಂದು ಕಪ್ಪು ಗೆರೆ. ಎದುರಿಗಿದ್ದವರನ್ನು ಬಿಟ್ಟು ಅವರ ಪಕ್ಕದಲ್ಲಿದ್ದುದನ್ನು ನೋಡುವ ಕಣ್ಣು. ಸರಿಯಾಗಿಯೇ ಬಂತು, ಸರಿಯಾಗಿ ಬಂದದ್ದೇ ತಪ್ಪೇನೋ ಎನ್ನುವಷ್ಟು. ತಲೆಗೆ, ಕಾಲಿಗೆ, ಹೊಟ್ಟೆಗೆ ತುಂಬಿ ಬಾಯಿ ಹೊಲಿದರೆ ಮುಗಿಯಿತು. ಪಕ್ಕದ ಬುಟ್ಟಿಗೆ ಕೈ ಹಾಕಿ ಹಿಡಿ ಹಿಡಿ ತೆಗೆದು ಹಿಂಜಿ ಗಂಟಿಲ್ಲದಂತೆ ಒಳಗೆ ಒತ್ತಿದಳು. ಕಡ್ಡಿಯ ಹಿಂತುದಿಯಿಂದ ಮೂತಿಯ ತುದಿವರೆಗೂ ತಳ್ಳಿದಳು. ಮನಸ್ಸು ಬೇರೆಲ್ಲೋ ಇತ್ತು, ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಅಂಗಳದಲ್ಲಿ ಬೆಹೀಜಾ ಉಣ್ಣೆ ಬಡಿಯುತ್ತಿದ್ದ ಸದ್ದು ಬರುತ್ತಿತ್ತು, ಪಟ್ ಪಟ್ ಎಂದು. ಹಾಸಿಗೆ ಹೊಲಿಯುವ ಬೆಹೀಜಾ ಪ್ರತಿ ವರ್ಷ ಹಬ್ಬ ಕಳೆದು ಉಣ್ಣೆ ಒಣಗಿದ ಮೇಲೆ ಬರುತ್ತಾಳೆ, ಬಡಿದು ಬಾಚಿ ಬಿಡಿಸಿಕೊಟ್ಟು, ಬೀದಿಯ ಸುದ್ದಿಯನ್ನೆಲ್ಲ ಅದರ ಜೊತೆಗೆ ಬಿಡಿಸಿ ಹೋಗುತ್ತಾಳೆ. ಶಾದ್ಲಿಯಾಳ ತಾಯಿ ಇದ್ದಾಗಲೂ ಬರುತ್ತಿದ್ದಳು. ಆಗ ಪ್ರತಿ ಹಬ್ಬದ ಉಣ್ಣೆಯೂ ಒಂದು ಚೀಲಕ್ಕೆ ಹೋಗುತ್ತಿತ್ತು, ಶಾದ್ಲಿಯಾಳ ಮದುವೆಯ ಹಾಸಿಗೆಗೆಂದು. ಚೀಲಗಳು ಅಟ್ಟ ಮುಟ್ಟಿದವು, ಗಂಡು ಬರಲಿಲ್ಲ. ಕೊನೆಗೆ ಆ ಉಣ್ಣೆಯೆಲ್ಲ ಹಾಸಿಗೆಯಾದದ್ದು ಮುನ್ಸಿಫ ಸಲ್ವಾಳನ್ನು ತಂದಾಗ. ಇವತ್ತಿಗೂ ಸಲ್ವಾ ಮಲಗುವುದು ಅದರ ಮೇಲೆಯೇ. 'ಈ ಹಾಸಿಗೆ ಎಷ್ಟು ಸುಖ ಅಕ್ಕಾ' ಎಂದು ಒಮ್ಮೆ, ಕೆಟ್ಟ ಮನಸ್ಸಿಲ್ಲದೆಯೇ, ಅಂದಿದ್ದಳು.

ಬಡಿಗೆಯ ಸದ್ದು ನಿಂತಿತು. ಬೆಹೀಜಾ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು, ಹುಬ್ಬಿಗೆಲ್ಲ ಉಣ್ಣೆಯ ನವಿರು ಮೆತ್ತಿಕೊಂಡಿತ್ತು.

'ಏನೇ ಅದು, ಟೋಪಿಗೆ ಕೊಂಬು ಬಂದಿದೆ?'

'ಹುಡುಗಿಗೆ. ಆಟಕ್ಕೆ.'

ಬೆಹೀಜಾ ಅದನ್ನು ಕಿತ್ತುಕೊಂಡು ಹೊಟ್ಟೆ ಹಿಚುಕಿ ನೋಡಿದಳು. ಹಾಸಿಗೆ ನೋಡುವ ಹಾಗೆಯೇ ನೋಡಿದಳು. 'ಭಲೇ! ಕಪ್ಪು ಮೋರೆ, ಅಗಲ ಬಾಲ. ನಿಮ್ಮನೆ ಟಗರೇ ಬಂದು ಕೂತ ಹಾಗಿದೆ ಕಣೇ. ಉಣ್ಣೆನೂ ಅವನದ್ದೇ ತುಂಬಿದೀಯಲ್ಲ! ಚರ್ಮ ಒಂದಿಲ್ಲ ಅಷ್ಟೇ. ಹುಡುಗಿ ಪುಣ್ಯವಂತೆ, ಹೋದವನು ವಾಪಸ್ ಬಂದ.'

ಶಾದ್ಲಿಯಾ ಬುಟ್ಟಿಯ ಕಡೆಗೆ ನೋಡಿದಳು. ಬೆಳಿಗ್ಗೆ ಅವಳೇ ಬೆಹೀಜಾಳ ರಾಶಿಯಿಂದ ತುಂಬಿಕೊಂಡು ಬಂದ ಬುಟ್ಟಿ. ಹಳೆಬಟ್ಟೆಯ ಚೂರುಗಳ ಗಂಟು ಅಲ್ಲೇ ಮೂಲೆಯಲ್ಲಿತ್ತು, ಅದನ್ನೇ ತುಂಬಬೇಕೆಂದು ಕತ್ತರಿಸಿ ಇಟ್ಟಿದ್ದೂ ಅವಳೇ. ಆದರೆ ತುಂಬುವುದು ಎಂದರೆ ಕೈಗೆ ಗೊತ್ತಿದ್ದದ್ದು ಉಣ್ಣೆ. ಹಾಸಿಗೆಗೆ, ದಿಂಬಿಗೆ, ಹೆತ್ತವಳ ಬೆನ್ನಿಗೆ ಇಡುವ ಒರಗುದಿಂಬಿಗೆ, ಎಲ್ಲಕ್ಕೂ ಹಬ್ಬದ ಉಣ್ಣೆ. ಆ ಊರಿನ ಯಾವ ಹೆಂಗಸಿನ ಕೈಯೂ ಬೇರೆ ಕಡೆಗೆ ಹೋಗುತ್ತಿರಲಿಲ್ಲ. ಕೈ ಹೋಯಿತು. ತಲೆ ಹೋಗಲಿಲ್ಲ.

'ಯಾಕೇ, ಬಿಳಿಚ್ಕೊಂಡೆ? ದೃಷ್ಟಿ ಹಾಕಿದ್ನಾ ನಾನು? ಥೂ ಥೂ, ತಗೋ' ಎಂದು ಬೆಹೀಜಾ ಗೊಂಬೆಯನ್ನು ಅವಳ ಮಡಿಲಿಗೆ ಹಾಕಿ, ಚಾ ಆಗಿದೆಯೇನೋ ನೋಡಲು ಅಡಿಗೆಮನೆಗೆ ಹೋದಳು.

ತೊಳೆದಿದ್ದೇವೆ, ಎಂದುಕೊಂಡಳು ಶಾದ್ಲಿಯಾ. ಮಹ್ದಿಯಾ ಊರಿನ ಹೆಂಗಸರೆಲ್ಲ ತೊಳೆಯುವ ಬಂಡೆಯ ಮೇಲೆ, ಸಮುದ್ರದ ನೀರಲ್ಲಿ, ಮೊಣಕಾಲವರೆಗೆ ನಿಂತು ತುಳಿದು ತುಳಿದು ತೊಳೆದಿದ್ದೇವೆ. ಆಮೇಲೆ ಸಿಹಿನೀರು, ಸೋಪು, ಬಿಸಿಲು. ಮೂಗಿಗೆ ಹಿಡಿದು ನೋಡಿದಳು. ಮೊದಲು ಸೋಪು. ಆಮೇಲೆ ಉಪ್ಪು. ಅದರಡಿ, ಎಲ್ಲಕ್ಕಿಂತ ಕೆಳಗೆ, ಬೆಚ್ಚಗೆ, ಬಾರ್ಲಿ ಹೊಟ್ಟಿನ ಮತ್ತು ಜಿಡ್ಡಿನ ಒಂದು ವಾಸನೆ. ಮಗು ತಾರಸಿಯಿಂದ ಇಳಿದು ಬಂದು ಮಗ್ಗುಲಲ್ಲಿ ಮಲಗಿದಾಗ ಅವಳ ಕೂದಲಲ್ಲಿ ಇರುತ್ತಿದ್ದ ವಾಸನೆ. 'ಎಮ್ನಾ, ನೀನು ಕುರಿ ನಾರ್ತೀಯ' ಎಂದರೆ 'ನೀನು ದಾರ ನಾರ್ತೀಯ' ಎಂದು ಮೂಗನ್ನು ಅತ್ತೆಯ ಕಂಕುಳಿಗೆ ತೂರಿಸುತ್ತಿದ್ದಳು. ಗೊತ್ತಾಗುತ್ತದೆ. ಕೈಗೆ ಕೊಟ್ಟ ಕೂಡಲೇ ಆ ಹುಡುಗಿ ಮಾಡುವ ಮೊದಲ ಕೆಲಸವೇ ಮೂಗಿಗೆ ಒತ್ತಿಕೊಳ್ಳುವುದು. ಮತ್ತೆ ಕರೆಸಿ ಮತ್ತೆ ಕೊಂದ ಹಾಗಾಗುತ್ತದೆ.

ಅಷ್ಟರಲ್ಲಿ ಸಲ್ವಾ ಬಂದಳು, ಕೈಯಲ್ಲಿ ಮಗುವಿನ ದಿಂಬು. ಅವಳ ಕೋಣೆಯಲ್ಲಿ ಮಂಚಕ್ಕೆ ಜಾಗ ಮಾಡಿ ಮುಗಿದಿತ್ತು. ಈಗ ಇಲ್ಲಿಂದ ಒಂದೊಂದೇ ಸಾಮಾನು ಹೋಗುತ್ತಿತ್ತು.

'ಅಯ್ಯೋ ಅಕ್ಕಾ, ಎಷ್ಟು ಮುದ್ದಾಗಿದೆ! ಇದನ್ನ ಹೊಸ ಮಂಚದ ಮೇಲೆ ಇಟ್ಟುಬಿಡೋಣ, ಖುಷಿಯಾಗ್ತಾಳೆ.'

'ಬೇಡ ಸಲ್ವಾ. ಇನ್ನೂ ಮುಗಿದಿಲ್ಲ.'

'ಮುಗಿದಿದೆಯಲ್ಲ.'

'ಒಳಗೆ ತುಂಬಿದ್ದು... ಅದರದ್ದೇ ಉಣ್ಣೆ. ನೋಡಿಕೊಳ್ಳಲಿಲ್ಲ ನಾನು.'

ಸಲ್ವಾ ದಿಂಬನ್ನು ಕಂಕುಳಲ್ಲಿ ಸರಿಮಾಡಿಕೊಂಡಳು. 'ಅದಕ್ಕೇನೀಗ? ಇವಳು ಮಲಗೋ ಹಾಸಿಗೇಲಿರೋದೂ ಯಾವುದೋ ಟಗರಿನ ಉಣ್ಣೆನೇ ತಾನೆ. ಮಕ್ಕಳು ಮರೀತಾರೆ ಅಕ್ಕಾ. ನೀವು ಮರೆಯೋಕೆ ಬಿಡ್ತಿಲ್ಲ. ದಿನಾ ಅವಳ ಮುಖ ನೋಡ್ತಾ ಕೂತ್ಕೊಳ್ತೀರ, ಅವಳು ಮಾಂಸ ಪಕ್ಕಕ್ಕೆ ಎತ್ತಿಟ್ರೆ ನೀವೂ ಎತ್ತಿಡ್ತೀರ. ಅದಕ್ಕೇ ಇವರು ಅಂದ್ರು, ಸ್ವಲ್ಪ ದಿನ ನಮ್ಮ ಹತ್ತಿರ ಮಲಗಲಿ ಅಂತ. ಬೇಜಾರು ಮಾಡ್ಕೋಬೇಡಿ.'

'ಇಲ್ಲ, ಬೇಜಾರೇನು' ಎಂದಳು ಶಾದ್ಲಿಯಾ. ತನ್ನ ಹಾಸಿಗೆಯ ಮೇಲೆ ಒಂದೇ ದಿಂಬು ಉಳಿದದ್ದು ಎಷ್ಟು ಅಸಹ್ಯವಾಗಿ ಕಾಣುತ್ತಿದೆ ಎಂದು ಅದೇ ಹೊತ್ತಿಗೆ ಅವಳಿಗೆ ಅನಿಸಿತು. ಸಲ್ವಾ ಹೇಳಿದ್ದು ಸರಿಯೇ ಇರಬಹುದು. ಸಲ್ವಾ ಯಾವಾಗಲೂ ಸರಿಯನ್ನೇ ಹೇಳುತ್ತಾಳೆ, ಅದನ್ನು ಹೇಳುವಾಗ ಏನನ್ನಾದರೂ ಎತ್ತಿಕೊಂಡು ಹೋಗುತ್ತಿರುತ್ತಾಳೆ. ಕೊಟ್ಟುಬಿಡಬಹುದು. ಮಗುವಿಗೆ ತಿಳಿಯಲೂ ಬಹುದು, ತಿಳಿಯದಿರಲೂ ಬಹುದು. ತಿಳಿದರೆ 'ಇಲ್ಲ ಪುಟ್ಟಾ, ಅಂಗಡಿಯಿಂದ ತಂದ ಉಣ್ಣೆ' ಎಂದರಾಯಿತು. ಆ ಮಾತು ತನ್ನ ನಾಲಿಗೆಯ ತುದಿಗೆ ಎಷ್ಟು ಸಲೀಸಾಗಿ, ಕರೆದವರ ಹಿಂದೆ ಬರುವ ಮರಿಯಂತೆ ಬಂತೆಂದು ಕಂಡು ಅವಳಿಗೆ ಭಯವಾಯಿತು. ಹಬ್ಬಕ್ಕೆ ಮೊದಲು 'ಅತ್ತೇ, ಮರ್ಜಾನ್ ಹಬ್ಬದ ದಿನ ಏನ್ಮಾಡ್ತಾನೆ?' ಎಂದು ಕೇಳಿದಾಗ 'ಕೆಳಗೆ ಬಂದು ಎಲ್ಲರ ಜೊತೆ ಹಬ್ಬ ಮಾಡ್ತಾನೆ' ಎಂದು ಬಂದದ್ದೂ ಹೀಗೆಯೇ, ಇಷ್ಟೇ ಸಲೀಸಾಗಿ.

ಬೀದಿಯ ತಿರುವಿನಲ್ಲಿ ಮಕ್ಕಳ ಗಲಾಟೆ ಕೇಳಿಸಿತು. ಶಾಲೆ ಬಿಟ್ಟಿತು. ಬಿಚ್ಚಬೇಕು, ಈಗಲೇ, ತೆಗೆದು ಬಟ್ಟೆಯ ಚೂರು ತುಂಬಬೇಕು. ಶಾದ್ಲಿಯಾ ಹೊಟ್ಟೆಯ ಹೊಲಿಗೆಯ ಗಂಟನ್ನು ಉಗುರಿನಿಂದ ಹುಡುಕಿದಳು. ಎಂದೂ ಬಿಚ್ಚದಂಥ ಗಂಟು ಹಾಕುವುದು ಅವಳ ಹೆಮ್ಮೆಯಾಗಿತ್ತು, ಸಿಗಲಿಲ್ಲ. ಬಾಗಿಲು ಕಿರ್ರೆಂದಿತು. 'ಕಾಲು ಒರೆಸ್ಕೊಂಡು ಬಾ' ಎಂದು ಒಳಗಿನಿಂದ ಸಲ್ವಾ. ಶಾದ್ಲಿಯಾ ಕತ್ತರಿ ತೆಗೆದುಕೊಂಡು, ಟಗರನ್ನು ಮಂಡಿಯ ಮೇಲೆ ಅಂಗಾತ ಮಲಗಿಸಿ, ಎಡಗೈಯಲ್ಲಿ ಕೊಂಬು ಒತ್ತಿ ಹಿಡಿದು, ಹೊಲಿಗೆಯ ಮೇಲೆ ಒಂದೇ ಸಲಕ್ಕೆ ಕೊಯ್ದಳು. ಬಿಗಿಯಾಗಿ ತುಂಬಿದ್ದ ಉಣ್ಣೆ ಕೂಡಲೇ ಹೊರಗೆ ಉಕ್ಕಿತು. ಬೆರಳು ಹಾಕಿ ಎಳೆದಳು, ಎಳೆದಷ್ಟೂ ಬಂತು. ತಲೆ ಎತ್ತಿದಾಗ ಎಮ್ನಾ ಹೊಸ್ತಿಲಲ್ಲಿ ನಿಂತಿದ್ದಳು, ಬೆನ್ನಿಗೆ ಶಾಲೆಯ ಚೀಲ.

ಯಾವಾಗಿನಿಂದ ನಿಂತಿದ್ದಳೋ. ಶಾದ್ಲಿಯಾ ಕತ್ತರಿಯನ್ನು ಸರಕ್ಕನೆ ಬೆನ್ನ ಹಿಂದೆ ಮಾಡಿದಳು. ಮಾಡಿದ ಮೇಲೆ ತಾನು ಮಾಡಿದ್ದೇನೆಂದು ಗೊತ್ತಾಗಿ, ಮೆಲ್ಲಗೆ ಮುಂದಕ್ಕೆ ತಂದು, ಇಬ್ಬರಿಗೂ ಕಾಣುವಂತೆ ಚಾಪೆಯ ಮೇಲೆ ಇಟ್ಟಳು.

ಮಗು ಚೀಲ ಇಳಿಸಲಿಲ್ಲ. ಹತ್ತಿರ ಬಂದು, ಬಗ್ಗಿ, ಚಾಪೆಯ ಮೇಲೆ ಬಿದ್ದಿದ್ದ ಒಂದು ಎಸಳು ಉಣ್ಣೆಯನ್ನು ಎತ್ತಿ ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು.

'ಮರ್ಜಾನಂದು' ಎಂದಳು.

ಶಾದ್ಲಿಯಾ ಅಷ್ಟು ದಿನ ಕಾದಿದ್ದ ದನಿ, ಬಂದದ್ದು ಹೀಗೆ. 'ಹೂಂ' ಎಂದಳು. 'ಅವನದ್ದೇ.'

'ನಿನಗೆ ಗೊತ್ತಿತ್ತಾ?'

'ಉಣ್ಣೆನಾ? ಗೊತ್ತಾಗಲಿಲ್ಲ ಪುಟ್ಟಾ, ಕೈಗೆ ಬಂತು, ನಾನು...'

'ಅದಲ್ಲ.' ಎಮ್ನಾ ಉಣ್ಣೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. 'ನಾನು ಕರೆಯುವಾಗ. ನಿನಗೆ ಗೊತ್ತಿತ್ತಾ?'

ಅಡಿಗೆಮನೆಯಲ್ಲಿ ಬೆಹೀಜಾ ಏನೋ ಹೇಳಿ ತಾನೇ ನಗುತ್ತಿದ್ದಳು. ಶಾದ್ಲಿಯಾಳ ಬಾಯಿಗೆ ಎಷ್ಟೋ ಮಾತು ಬಂತು: ದೇವರಿಗೆ ಕೊಟ್ಟದ್ದು ಪುಟ್ಟಾ, ಎಲ್ಲರ ಮನೆಯಲ್ಲೂ ಮಾಡುತ್ತಾರೆ, ಅವನಿಗೆ ನೋವಾಗಲಿಲ್ಲ, ನೀನು ಕರೆಯದಿದ್ದರೂ ಹೇಗಾದರೂ ಇಳಿಸುತ್ತಿದ್ದರು. ಎಲ್ಲವೂ ನಿಜವೇ. ಈ ಮನೆಯಲ್ಲಿ ಎಲ್ಲರೂ ಮಗುವಿಗೆ ಅದನ್ನೆಲ್ಲ ಹೇಳಿ ಆಗಿತ್ತು. ಮಗು ಕೇಳಿದ್ದು ಅದನ್ನಲ್ಲ.

'ಗೊತ್ತಿತ್ತು' ಎಂದಳು. 'ನೀನು ಕರೆಯುವಾಗಲೇ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಕೈಲಿ ಕರೆಸಿದೆ.'

ಎಮ್ನಾಳ ಕೆಳತುಟಿ ಒಂದು ಸಲ ಅದುರಿತು. ಅಳುತ್ತಾಳೆ, ಅತ್ತರೆ ಎಳೆದು ಅಪ್ಪಿಕೊಳ್ಳಬಹುದು ಎಂದು ಶಾದ್ಲಿಯಾಳ ಕೈಗಳು ತಾವಾಗಿಯೇ ಎದ್ದವು. ಅಳಲಿಲ್ಲ. ಕೈಗಳು ಅಲ್ಲೇ ಗಾಳಿಯಲ್ಲಿ ಉಳಿದು, ಮತ್ತೆ ಮಡಿಲಿಗೆ ಇಳಿದವು. ಬರೀ ಚರ್ಮದಂತಾಗಿ ಬಿದ್ದಿದ್ದ ಹೆಣಿಗೆಯನ್ನು ಮಗು ನೋಡಿತು, ಬುಟ್ಟಿಯನ್ನು ನೋಡಿತು.

'ತುಂಬು' ಎಂದಳು.

'ಬಟ್ಟೆ ಚೂರು ಇದೆ, ಅದನ್ನ...'

'ಇದನ್ನೇ. ಎಲ್ಲಾನೂ.'

ಶಾದ್ಲಿಯಾ ತುಂಬಿದಳು. ಜೀವಮಾನದಲ್ಲಿ ಅವಳು ಇಷ್ಟು ಜೋಪಾನವಾಗಿ ಏನನ್ನೂ ತುಂಬಿರಲಿಲ್ಲ. ಮಗು ಕೂರದೆ, ಚೀಲ ಇಳಿಸದೆ, ಮೇಲೆ ನಿಂತೇ ನೋಡಿತು. ತಪ್ಪು ಮಾಡಿದ ಮಕ್ಕಳ ತಲೆಯ ಮೇಲೆ ಮಾಸ್ತರರು ನಿಲ್ಲುವ ಹಾಗೆ. ಚಾಪೆಯ ಹೆಣಿಗೆಯಲ್ಲಿ ಸಿಕ್ಕಿಕೊಂಡ ನವಿರುಗಳನ್ನು ಒಂದೊಂದೇ ಹೆಕ್ಕಿ ಕೊಟ್ಟಿತು, ಕೊನೆಗೆ ಮುಷ್ಟಿಯಲ್ಲಿದ್ದುದನ್ನೂ. ಕೊಡುವಾಗ ಬೆರಳು ಬೆರಳಿಗೆ ತಾಗಿತು. ಕೊಯ್ದ ಜಾಗದ ಕುಣಿಕೆಗಳು ಜಾರತೊಡಗಿದ್ದವು. ಕಡ್ಡಿಯ ತುದಿಯಿಂದ ಒಂದೊಂದನ್ನೇ ಎತ್ತಿ ಹಿಡಿದು, ಹೊಸ ದಾರ ಸೇರಿಸಿ ಮುಚ್ಚುತ್ತ ಬಂದಳು. ಎಷ್ಟು ಎಚ್ಚರ ಮಾಡಿದರೂ ಹೊಟ್ಟೆಯ ಉದ್ದಕ್ಕೂ ಒಂದು ದಪ್ಪ ಗೆರೆ ಉಳಿಯಿತು. ಬಿಳಿ ಟೋಪಿಯಲ್ಲಿ ಹೀಗಾಗಿದ್ದರೆ ಅಂಗಡಿಯವನು ಮುಖಕ್ಕೆ ಎಸೆಯುತ್ತಿದ್ದ. 'ಇದು ಕಾಣುತ್ತೆ' ಎಂದಳು ಅಳುಕುತ್ತ. ಮಗು ಗೆರೆಯ ಮೇಲೆ ಬೆರಳಾಡಿಸಿ ನೋಡಿತು. ಬೇಡವೆನ್ನಲಿಲ್ಲ.

ಆಮೇಲೆ ಟಗರನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಎಮ್ನಾ ಅಂಗಳಕ್ಕೆ ನಡೆದಳು. ಹೊಸ ಮಂಚ ಬರುವ ಕೋಣೆಯನ್ನು ದಾಟಿದಳು. ಹಬ್ಬದ ದಿನದಿಂದ ಹತ್ತಿರ ಹೋಗದಿದ್ದ ತಾರಸಿಯ ಮೆಟ್ಟಿಲ ಬುಡಕ್ಕೆ ಹೋಗಿ, ತಲೆ ಎತ್ತಿ ಮೇಲೆ ನೋಡಿದಳು. ಶಾದ್ಲಿಯಾ ಹಿಂದೆಯೇ ಬಂದಿದ್ದಳು, ಆದರೆ ಅಷ್ಟು ಹತ್ತಿರವಲ್ಲ.

'ಮೇಲೆ ಬಿಟ್ಟು ಬರ್ತೀನಿ' ಎಂದಳು ಎಮ್ನಾ, ತಿರುಗದೆಯೇ. 'ಕೆಳಗಿಂದ ಯಾರೂ ಕರೀಬಾರದು.'

'ಇಲ್ಲ.'

'ಅವನನ್ನೂ ಕರೀಬಾರದು. ನನ್ನನ್ನೂ ಕರೀಬಾರದು. ನಾನೇ ಬರೋವರೆಗೂ.'

'ಯಾರೂ ಕರೆಯಲ್ಲ.'

'ನೀನು ನೋಡ್ಕೋತೀಯಾ?'

'ನೋಡ್ಕೋತೀನಿ.'

ಚಪ್ಪಲಿ ಕಳಚಿ ಹತ್ತಿದಳು. ಮೆಟ್ಟಿಲು ಎತ್ತರ, ಕೈಯಲ್ಲಿ ಭಾರ. ಬೆನ್ನ ಮೇಲಿನ ಚೀಲ ಆ ಕಡೆ ಈ ಕಡೆ ಓಲಾಡುತ್ತಿತ್ತು. ಬಿದ್ದಾಳೆಂದು ಹೇಳಲು ಬಾಯಿ ತೆರೆದ ಶಾದ್ಲಿಯಾ ಮುಚ್ಚಿಕೊಂಡಳು. ತಿರುವಿನಲ್ಲಿ ಅಂಗಿಯ ಅಂಚು ಮರೆಯಾಯಿತು. ತಾರಸಿಯ ಬಾಗಿಲು ತೆರೆದ ಸದ್ದು, ಆಮೇಲೆ ಏನೂ ಇಲ್ಲ. ಬೆಹೀಜಾ ಚಾ ಲೋಟ ಹಿಡಿದು ಬಂದು ಮತ್ತೆ ಬಡಿಗೆ ಎತ್ತಿಕೊಂಡಳು. ಶಾದ್ಲಿಯಾ ಕೈಮಾಡಿ ತಡೆದಳು. ಏನಾಯಿತೆಂದು ಕೇಳಲು ಹೊರಟ ಮುದುಕಿ, ಆ ಮುಖ ನೋಡಿ, ಬಡಿಗೆಯನ್ನು ಉಣ್ಣೆಯ ರಾಶಿಯ ಮೇಲೆ ಮಲಗಿಸಿ ಸುಮ್ಮನೆ ಕೂತಳು.

ಬೀದಿಬಾಗಿಲನ್ನು ಯಾರೋ ಜೋರಾಗಿ ತಟ್ಟಿದರು. 'ಸಲ್ವಾ ಅಮ್ಮಾ, ಮಂಚ ಬಂತು! ಒಂದು ಕಡೆ ಹಿಡ್ಕೊಳ್ಳೋಕೆ ಯಾರನ್ನಾದರೂ ಕಳಿಸಿ!' ಸಲ್ವಾ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ, ಮುಖದ ತುಂಬ ಸಂಭ್ರಮದಿಂದ ಅಂಗಳಕ್ಕೆ ಓಡಿಬಂದಳು. ಮಗುವಿನ ಚಪ್ಪಲಿ ಮೆಟ್ಟಿಲ ಬುಡದಲ್ಲಿದ್ದುದನ್ನು ಕಂಡಳು. 'ಮೇಲೆ ಹೋದಳಾ? ನಿಜವಾಗಿ? ನೋಡಿದ್ರಾ ಅಕ್ಕಾ, ನಾನು ಹೇಳಲಿಲ್ವಾ' ಎಂದು, ಕತ್ತೆತ್ತಿ, ಎದೆ ತುಂಬ ಉಸಿರೆಳೆದು, 'ಎಮ್...' ಎಂದಿದ್ದಳಷ್ಟೇ. ಅಷ್ಟು ವರ್ಷ ಆ ಮನೆಯಲ್ಲಿ ಯಾರ ಮೈಗೂ ತಾಗದಂತೆ ಗೋಡೆಯ ಪಕ್ಕದಲ್ಲೇ ನಡೆದಾಡಿದ ಶಾದ್ಲಿಯಾ, ಎರಡು ಹೆಜ್ಜೆಗೆ ಬಂದು, ದಾರದ ಎಳೆ ಮೆತ್ತಿದ ತನ್ನ ಅಂಗೈಯಿಂದ ತಮ್ಮನ ಹೆಂಡತಿಯ ಬಾಯನ್ನು ಅದುಮಿ ಮುಚ್ಚಿದಳು.

ಸಲ್ವಾಳ ಕಣ್ಣುಗಳು ಅಗಲವಾದವು. ಬಿಸಿ ಉಸಿರು ಅಂಗೈಗೆ ಬಡಿಯಿತು, ಹಲ್ಲೂ ತಾಗಿತು. ಮೇಲೆ ತಾರಸಿಯಲ್ಲಿ ಸಣ್ಣ ಹೆಜ್ಜೆಗಳು ಈ ಕಡೆಯಿಂದ ಆ ಕಡೆಗೆ ಹೋಗಿ, ನಿಂತು, ಮತ್ತೆ ಈ ಕಡೆಗೆ ಬರತೊಡಗಿದವು. ಬಡಗಿ ಇನ್ನೊಮ್ಮೆ ಬಾಗಿಲು ತಟ್ಟಿದ. ಶಾದ್ಲಿಯಾ ಕೈ ತೆಗೆಯಲಿಲ್ಲ.